ಹಿಂದಿನ ಸೀಟಿನ ತಲೆ

ಮೊನ್ನೆ ಭಾನುವಾರ ಬೆಳಿಗ್ಗೆ ಗಾಜುವಾಕದಿಂದ ಫೋನು. ಕುಂದಾಪುರದ ಕಡೆಯವರು, ಇಲ್ಲಿ ಬಂದು ಹೋಟೆಲು ಹಾಕಿ ಇಪ್ಪತ್ತೈದು ವರ್ಷ ದಾಟಿದೆ. ತೆಲುಗು ನನಗಿಂತ ಚೆನ್ನಾಗಿ ಮಾತಾಡುತ್ತಾರೆ, ಆದರೆ ನನಗೆ ಫೋನು ಮಾಡಿದಾಗ ಮಾತ್ರ ಸೀದಾ ಊರಿನ ಭಾಷೆಗೆ ಇಳಿದುಬಿಡುತ್ತಾರೆ.

"ಮಗನಿಗೆ ಬೈಕ್ ತೆಗ್ದು ಕೊಟ್ಟೆ ಮಾರಾಯ್ರೆ. ಹೆಲ್ಮೆಟ್ ಯಾವುದು ಒಳ್ಳೇದು? ಫುಲ್ಲಾ, ಹಾಫಾ? ಮುಂದೆ ಎತ್ತುವಂಥದ್ದೂ ಒಂದು ಬಂದಿದೆಯಂತಲ್ಲ?"

"ಎಷ್ಟು ತಗೊಳ್ತೀರಿ?" ಅಂತ ಕೇಳಿದೆ.

"ಎಷ್ಟು ಅಂದ್ರೆ? ಒಂದು. ಬೈಕಿಗೆ ಒಂದು ಹೆಲ್ಮೆಟ್ ಅಲ್ವಾ?"

ಅಲ್ಲೇ ಇರೋದು ನೋಡಿ ವಿಷಯ. ಬೈಕಿಗಲ್ಲ ಹೆಲ್ಮೆಟ್ಟು, ತಲೆಗೆ. ಬೈಕಿನ ಮೇಲೆ ಎರಡು ತಲೆ ಕೂರುತ್ತವೆ. ಯಾವ ಥರದ ಹೆಲ್ಮೆಟ್ ಕೊಳ್ಳಬೇಕು ಅನ್ನೋ ಪ್ರಶ್ನೆಗೆ ಉತ್ತರ ಹೇಳೋದು ಅಷ್ಟೇನೂ ಕಷ್ಟವಲ್ಲ. ಯಾರ ತಲೆಗೆ ಯಾವ ಥರದ್ದು ಕೊಳ್ಳುತ್ತೇವೆ ಅನ್ನೋದರಲ್ಲಿ ನಮ್ಮ ಬಂಡವಾಳ ಬಯಲಾಗುತ್ತದೆ. ನನ್ನ ಬಂಡವಾಳವಂತೂ ಬಯಲಾಗಿ ಹೋಗಿದೆ. ಅದಕ್ಕೇ ಈ ಬರಹ.

ನಾವಿರೋದು ಸಿಂಹಾಚಲಂ ಬೆಟ್ಟದ ಕೆಳಗೆ, ಅಡವಿವರಂ ಕಡೆಗೆ. ಮೇಲೆ ವರಾಹ ನರಸಿಂಹ ಸ್ವಾಮಿ, ಇಲ್ಲಿಯವರ ಬಾಯಲ್ಲಿ ಸಿಂಹಾದ್ರಿ ಅಪ್ಪನ್ನ. ನಮ್ಮ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಗೆ ಬಂದಾಗ ಇಲ್ಲಿಗೂ ಬಂದು ಕಾಣಿಕೆ ಕೊಟ್ಟು ಶಾಸನ ಹಾಕಿಸಿ ಹೋದ. ಮೂರ್ತಿಗೆ ವರ್ಷಪೂರ್ತಿ ಗಂಧದ ಲೇಪನ, ನಿಜರೂಪ ಕಾಣೋದು ಅಕ್ಷಯ ತೃತೀಯದ ದಿನ ಮಾತ್ರ. ನಾನು ಈ ಊರಿಗೆ ಬಂದ ಹೊಸದರಲ್ಲಿ ಹೆಲ್ಮೆಟ್ಟಿನ ದರ್ಶನವೂ ಹೆಚ್ಚುಕಡಿಮೆ ಹಾಗೇ ಇತ್ತು! ಪೊಲೀಸರು ಚೆಕಿಂಗ್ ಮಾಡುವ ದಿನ ಎಲ್ಲರ ತಲೆಯ ಮೇಲೂ ಪ್ರತ್ಯಕ್ಷ. ಮಾರನೇ ದಿನದಿಂದ ಮತ್ತೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಇಲ್ಲಾ ಮೊಣಕೈಗೆ ಬಳೆ ಥರ.

2024ರಲ್ಲಿ ಪರಿಸ್ಥಿತಿ ಬದಲಾಯಿತು. ಆಂಧ್ರ ಹೈಕೋರ್ಟು ಹೆಲ್ಮೆಟ್ ಕಾನೂನನ್ನು ಬಿಗಿಯಾಗಿ ಜಾರಿ ಮಾಡಿ ಅಂತ ಹೇಳಿತು. ಸೆಪ್ಟೆಂಬರ್ 1ರಿಂದ ವಿಶಾಖಪಟ್ಟಣದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ ಅಂದರು. ನಿಜ ಹೇಳಬೇಕೆಂದರೆ ಇದು ಹೊಸ ಕಾನೂನೇ ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮಿನಲ್ಲಿ ಮೊದಲಿಂದಲೂ ಓಡಿಸುವವರು, ಕೂರುವವರು ಇಬ್ಬರೂ ಇದ್ದಾರೆ. ಪೇಟ ಕಟ್ಟುವ ಸಿಖ್ಖರಿಗೆ ಮಾತ್ರ ವಿನಾಯಿತಿ. 2019ರ ತಿದ್ದುಪಡಿಯಲ್ಲಿ ದಂಡ ಸಾವಿರ ರೂಪಾಯಿ ಆಯಿತು, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಕರ್ನಾಟಕದಲ್ಲಿ ಹಿಂದಿನವರಿಗೆ ಕಡ್ಡಾಯ ಅಂತ 2016ರ ಜನವರಿಯಲ್ಲೇ ಶುರುವಾಗಿತ್ತು. ಆಗ ನಮ್ಮ ಬಂಧು ಬಳಗದವರೆಲ್ಲ ಬೈದುಕೊಂಡಿದ್ದನ್ನು ನಾನು ಇಲ್ಲಿಂದಲೇ ಫೋನಿನಲ್ಲಿ ಕೇಳಿ ನಕ್ಕಿದ್ದೆ. ಎಂಟು ವರ್ಷದ ಮೇಲೆ ನನ್ನ ಸರದಿ ಬಂತು.

ಆ ಆಗಸ್ಟ್ ಕೊನೇ ವಾರದಲ್ಲಿ ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ಹೆಲ್ಮೆಟ್ಟುಗಳನ್ನು ತೋರಣದ ಹಾಗೆ ತೂಗುಹಾಕಿ ಮಾರುತ್ತಿದ್ದರು. ಬಹುಪಾಲು ಎಲ್ಲವೂ ಅರ್ಧ ಹೆಲ್ಮೆಟ್ಟು. ಕಿವಿಯ ಮೇಲಕ್ಕೇ ಮುಗಿದುಹೋಗುವ, ಕ್ರಿಕೆಟ್ ಟೋಪಿಯಂಥದ್ದು. ನಾನೂ ಗಾಡಿ ನಿಲ್ಲಿಸಿ ಇನ್ನೂರೈವತ್ತು ರೂಪಾಯಿ ಕೊಟ್ಟು ಒಂದು ತಗೊಂಡೆ, ನನ್ನಾಕೆಗೆ. ನನ್ನ ತಲೆಗೆ? ಅದು ಎರಡು ವರ್ಷದ ಹಿಂದೆಯೇ ಆಗಿತ್ತು. ನಾಲ್ಕು ಅಂಗಡಿ ಸುತ್ತಿ, ಇಂಟರ್‌ನೆಟ್ಟಿನಲ್ಲಿ ಓದಿ, ಎರಡೂವರೆ ಸಾವಿರ ಕೊಟ್ಟು ತಂದ ಫುಲ್ ಫೇಸ್ ಹೆಲ್ಮೆಟ್ಟು.

ಆಗ ಇದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಅವಳಿಗೂ ಕಾಣಲಿಲ್ಲ ಅನ್ನಿ. "ನಿಮ್ಮ ಥರದ ಕೊಡ ನಂಗೆ ಬೇಡ ರೀ, ಉಸಿರು ಕಟ್ಟತ್ತೆ" ಅಂತ ಅವಳೇ ಹೇಳಿದ್ದಳು. ನನಗೂ ಅಷ್ಟೇ ಬೇಕಿತ್ತು, ಎರಡು ಸಾವಿರ ಉಳಿಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ. ಎಂ.ವಿ.ಪಿ. ಕಾಲೋನಿಯಲ್ಲಿ ನಮ್ಮವರೊಬ್ಬರ ಮನೆ ಗೃಹಪ್ರವೇಶ. ಅವಳು ರೇಷ್ಮೆ ಸೀರೆ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ಹೂವು ನಲುಗದ ಹಾಗೆ ಆ ಟೋಪಿಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ಒಂದೇ ಕಡೆ ಕಾಲು ಹಾಕಿ ಕೂತಿದ್ದಳು. ಅಡವಿವರಂನಿಂದ ಹನುಮಂತವಾಕ ಕಡೆ ಹೋಗುವ ರಸ್ತೆ, ಅಗಲವಾಗಿದೆ, ಬೆಳಿಗ್ಗೆ ಖಾಲಿ ಇರುತ್ತದೆ. ಮುಡಸರ್ಲೋವ ಕೆರೆ ಇನ್ನೇನು ಬರಬೇಕು, ಪೊದೆಯ ಕಡೆಯಿಂದ ಒಂದು ಎಮ್ಮೆಕರು ಓಡಿಬಂತು. ನಾನು ಹೋಗುತ್ತಿದ್ದದ್ದು ಮೂವತ್ತೈದೋ ನಲವತ್ತೋ ಸ್ಪೀಡಿನಲ್ಲಿ, ಅದಕ್ಕಿಂತ ಹೆಚ್ಚಿಲ್ಲ. ಬ್ರೇಕ್ ಹಾಕಿದೆ, ಗಾಡಿ ಜಾರಿತು.

ನಾನು ಮುಖ ಅಡಿಯಾಗಿ ಬಿದ್ದು ಸ್ವಲ್ಪ ದೂರ ಜಾರಿಕೊಂಡು ಹೋದೆ. ಎದ್ದು ಕೂತೆ. ಮೊಣಕಾಲು ತರಚಿತ್ತು, ಅಷ್ಟೇ. ಹೆಲ್ಮೆಟ್ಟಿನ ಗದ್ದದ ಭಾಗ ತುರಿಮಣೆಗೆ ಉಜ್ಜಿದ ಹಾಗೆ ಆಗಿತ್ತು. ಅವಳೂ ಮುಖ ಅಡಿಯಾಗಿಯೇ ಬಿದ್ದಿದ್ದಳು. ಗದ್ದ ನೇರವಾಗಿ ರಸ್ತೆಗೆ ಬಡಿದಿತ್ತು. ಹೆಲ್ಮೆಟ್ಟಿನ ಬಕಲ್ ಬಿಚ್ಚಿಕೊಂಡು ಅದು ಯಾವಾಗಲೋ ಹಾರಿಹೋಗಿ ಚರಂಡಿಯ ಪಕ್ಕ ಬಿದ್ದಿತ್ತು. ಆಮೇಲೆ ಯಾರೋ ಹುಡುಗ ತಂದುಕೊಟ್ಟ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಕೆಳದವಡೆ ಮುರಿದಿತ್ತು, ಮುಂದಿನ ಎರಡು ಹಲ್ಲು ಹೋದವು, ಗದ್ದಕ್ಕೆ ಒಂಬತ್ತು ಹೊಲಿಗೆ. ತಲೆಗೆ ಏಟಾಗಿಲ್ಲ ಅಂತ ಸ್ಕ್ಯಾನಿನಲ್ಲಿ ಬಂದ ಮೇಲೆ ನನಗೆ ಜೀವ ಬಂತು. ಡಾಕ್ಟರು ಆ ಟೋಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಿ ಹೆಲ್ಮೆಟ್ ಕಾದಂಡಿ, ಟೋಪಿ" ಅಂದರು. ಅಷ್ಟು ಅರ್ಥವಾಗೋದಕ್ಕೆ ತೆಲುಗು ಬರಬೇಕಾಗಿಲ್ಲ.

ಒಂದೂವರೆ ತಿಂಗಳು ಅವಳಿಗೆ ಗಂಜಿ, ಜ್ಯೂಸು. ದವಡೆಗೆ ತಂತಿ ಕಟ್ಟಿದ್ದರಿಂದ ಮಾತಿಲ್ಲ, ಏನಿದ್ದರೂ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು. ಒಂದು ದಿನ ಮಧ್ಯಾಹ್ನ ಬರೆದಳು: "ನಿಮ್ಮ ಹೆಲ್ಮೆಟ್ಟಿಗೆ ಎಷ್ಟು ಕೊಟ್ಟಿದ್ರಿ?" ಹೇಳಿದೆ. ಕೆಳಗೆ ಇನ್ನೊಂದು ಸಾಲು: "ನನ್ನದಕ್ಕೆ?" ಅದನ್ನೂ ಹೇಳಿದೆ. ಅವಳು ಏನೂ ಬರೆಯದೆ ಪುಸ್ತಕ ಮುಚ್ಚಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಇರಲಿ. ಈಗ ಗಾಜುವಾಕದವರ ಪ್ರಶ್ನೆಗೆ ಬರೋಣ. ಫುಲ್ಲಾ, ಹಾಫಾ?

ಹೆಲ್ಮೆಟ್ ಅಂದರೆ ಗಟ್ಟಿ ಬಟ್ಟಲು ಅಂತ ನಾವು ತಿಳಿದುಕೊಂಡಿರುತ್ತೇವೆ. ಹೊರಗಿನ ಚಿಪ್ಪಿನ ಕೆಲಸ ಏಟನ್ನು ಹರಡುವುದು, ಮೊನಚಾದದ್ದು ಒಳಗೆ ನುಗ್ಗದಂತೆ ತಡೆಯುವುದು. ನಿಜವಾಗಿ ತಲೆ ಉಳಿಸುವುದು ಅದರ ಒಳಗಿರುವ ಥರ್ಮೋಕೋಲು. ಹೌದು, ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿ, ಇನ್ನೂ ಒತ್ತಾದದ್ದು. ತಲೆ ಬಡಿದಾಗ ಅದು ಜಜ್ಜಿಹೋಗಿ ಏಟಿನ ಶಕ್ತಿಯನ್ನು ತಾನು ಹೀರಿಕೊಳ್ಳುತ್ತದೆ. ಹಾಗಾಗಿ ಒಂದು ಹೆಲ್ಮೆಟ್ಟಿಗೆ ಒಂದೇ ಅಪಘಾತ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜಜ್ಜಿರುತ್ತದೆ, ಎಸೆಯಬೇಕು. ನನ್ನಾಕೆಯ ಟೋಪಿಯ ಬಟ್ಟೆ ಕಿತ್ತು ನೋಡಿದೆ. ಪ್ಲಾಸ್ಟಿಕ್ಕು, ಅದರ ಕೆಳಗೆ ತೆಳ್ಳಗಿನ ಸ್ಪಂಜು. ಥರ್ಮೋಕೋಲೇ ಇಲ್ಲ!

ಇದೆಲ್ಲ ಶುರುವಾದದ್ದೂ ಒಂದು ಸಾವಿನಿಂದ. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಏಟಾಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ಮಿದುಳಿನ ಸರ್ಜನ್ ಒಬ್ಬರಿದ್ದರು. ಆ ಸಾವು ಅವರನ್ನು ಬಿಡಲಿಲ್ಲ. ಸೈನ್ಯದ ಬೈಕ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸ ಮಾಡಿ, ಹೆಲ್ಮೆಟ್ ಹಾಕಿದರೆ ಸಾವು ಕಡಿಮೆಯಾಗುತ್ತದೆ ಅಂತ 1941ರಿಂದ ಬರೆಯತೊಡಗಿದರು. ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು ಬಂದದ್ದು ಇನ್ನೂ ತಡವಾಗಿ, 1960ರ ದಶಕದಲ್ಲಿ.

ಗದ್ದ ಮುಚ್ಚುವುದು ಅಷ್ಟು ಮುಖ್ಯವಾ? ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಒಟ್ಟೆ ಅನ್ನುವವರು ಅಪಘಾತಗಳಲ್ಲಿ ಹೆಲ್ಮೆಟ್ಟಿನ ಯಾವ ಯಾವ ಜಾಗಕ್ಕೆ ಏಟು ಬಿದ್ದಿತ್ತು ಅಂತ ಗುರುತು ಹಾಕಿದ್ದಾರೆ. ಸುಮಾರು ಮೂರರಲ್ಲಿ ಒಂದು ಏಟು ಗದ್ದ, ದವಡೆಯ ಭಾಗಕ್ಕೇ. ನೆತ್ತಿಗೆ ಬಿದ್ದದ್ದು ತೀರ ಕಡಿಮೆ. ಅಂದರೆ ಅರ್ಧ ಹೆಲ್ಮೆಟ್ಟು ಮುಚ್ಚುವುದು ಏಟು ಕಡಿಮೆ ಬೀಳುವ ಜಾಗವನ್ನು, ಬಿಟ್ಟುಬಿಡುವುದು ಹೆಚ್ಚು ಬೀಳುವ ಜಾಗವನ್ನು! ಮನುಷ್ಯ ಬೀಳುವಾಗ ತೆಂಗಿನಕಾಯಿ ಥರ ನೆತ್ತಿ ಅಡಿಯಾಗಿ ಬೀಳುವುದಿಲ್ಲ. ಮುಂದಕ್ಕೆ ಮುಗ್ಗರಿಸುತ್ತಾನೆ.

ನನ್ನ ಲೆಕ್ಕ ಹೀಗೆ.

ಅರ್ಧ ಹೆಲ್ಮೆಟ್ಟು: ಬೇಡ. ಇದರಲ್ಲಿ ಚರ್ಚೆಯೇ ಇಲ್ಲ. ಏನೂ ಹಾಕದವನಿಗೆ ತಲೆ ಬರಿದಾಗಿದೆ ಅನ್ನುವ ಭಯವಾದರೂ ಇರುತ್ತದೆ. ಇದನ್ನು ಹಾಕಿಕೊಂಡವನಿಗೆ ಅದೂ ಇಲ್ಲ. 2018ರ ಶುರುವಿನಲ್ಲಿ ಮೈಸೂರಿನ ಪೊಲೀಸರು ಇಂಥ ಟೋಪಿಗಳನ್ನು ಕಿತ್ತುಕೊಂಡು ಗುಡ್ಡೆ ಹಾಕಿದಾಗ ಜನ ಕೂಗಾಡಿದರು. ನನಗೂ ಆಗ ಅದು ಅತಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಓಪನ್ ಫೇಸ್, ಅಂದರೆ ಕಿವಿ, ಹಿಂದಲೆ ಮುಚ್ಚಿ ಮುಖ ಬಿಡುವಂಥದ್ದು: ಇದು ನಿಜವಾದ ಹೆಲ್ಮೆಟ್ಟೇ. ಮಿದುಳನ್ನು ಕಾಯುತ್ತದೆ, ಮುಖವನ್ನು ಕಾಯುವುದಿಲ್ಲ. ಮುಖ ಮುಚ್ಚಿದರೆ ನಿಜಕ್ಕೂ ಉಸಿರು ಕಟ್ಟುವವರು, ಫುಲ್ ಫೇಸ್ ಕೊಡಿಸಿದರೆ ಹಾಕದೆ ಮನೆಯಲ್ಲಿಟ್ಟು ಹೋಗುವವರು ಇದನ್ನಾದರೂ ಹಾಕಲಿ. ಹಾಕದ ಒಳ್ಳೇ ಹೆಲ್ಮೆಟ್ಟಿಗಿಂತ ಹಾಕಿದ ಸಾಧಾರಣದ್ದು ಮೇಲು.

ಫುಲ್ ಫೇಸ್: ಎಲ್ಲರಿಗೂ ಇದೇ. ಮುಂದಿನವರಿಗೂ ಹಿಂದಿನವರಿಗೂ.

ಮುಂದಿನ ಭಾಗ ಮೇಲಕ್ಕೆ ಎತ್ತುವ ಮಾಡ್ಯುಲರ್: ಕನ್ನಡಕ ಹಾಕುವವರಿಗೆ, ದಾರಿಯಲ್ಲಿ ನೀರು ಕುಡಿಯುವವರಿಗೆ ಅನುಕೂಲ. ಕೀಲು ಇರುವುದರಿಂದ ತೂಕ ಸ್ವಲ್ಪ ಜಾಸ್ತಿ. ಯುರೋಪಿನ ಇಸಿಇ ಗುರುತು ಇರುವುದಾದರೆ 'ಪಿ' ಅಕ್ಷರ ನೋಡಿ, ಗದ್ದದ ಭಾಗವನ್ನೂ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. 'ಎನ್‌ಪಿ' ಇದ್ದರೆ ಆ ಭಾಗ ಬರೀ ಅಲಂಕಾರ. ಎತ್ತಿಕೊಂಡೇ ಓಡಿಸಿದರೆ ಅದು ಓಪನ್ ಫೇಸೇ, ಹೆಚ್ಚಿನ ದುಡ್ಡು ಕೊಟ್ಟದ್ದು ದಂಡ.

ಇನ್ನು ಮೂತಿ ಉದ್ದಕ್ಕಿದ್ದು ಮೇಲೆ ಛಜ್ಜಾ ಇರುವ ಮೋಟೋಕ್ರಾಸ್ ಥರದ್ದು. ಅದು ಮಣ್ಣಿನ ಹಾದಿಯವರಿಗೆ. ನಮ್ಮ ಹೈವೇಯ ಗಾಳಿಗೆ ಆ ಛಜ್ಜಾ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಹುಡುಗರು ಚಂದಕ್ಕೆ ಕೇಳುತ್ತಾರೆ, ಕೊಡಿಸಬೇಡಿ.

ಸೆಕೆಯ ವಿಷಯ. ಒಪ್ಪಿಕೊಳ್ಳಲೇಬೇಕು. ಮೇ ತಿಂಗಳಲ್ಲಿ ವಿಶಾಖಪಟ್ಟಣದ ಉಪ್ಪುಗಾಳಿಯ ಬೆವರು ಹೇಗಿರುತ್ತದೆ ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ, ಮೈಸೂರಿನವರಿಗೆ ಹೇಳಿದರೂ ತಿಳಿಯುವುದಿಲ್ಲ. ಗಾಳಿಗಿಂಡಿ ಇರುವ, ಒಳಗಿನ ಬಟ್ಟೆ ಬಿಚ್ಚಿ ಒಗೆಯಬಹುದಾದ ಹೆಲ್ಮೆಟ್ಟು ನೋಡಿ. ಒಳಗೊಂದು ಹತ್ತಿಯ ಟೋಪಿ ಹಾಕಿ. ಸಿಗ್ನಲ್ಲಿನಲ್ಲಿ ವೈಸರ್ ಎತ್ತಿ. ಅಷ್ಟಾಗಿಯೂ ಸೆಕೆ ಇರುತ್ತದೆ, ಇರಲಿ ಬಿಡಿ. ಗಂಜಿ ಕುಡಿಯುವ ಒಂದೂವರೆ ತಿಂಗಳಲ್ಲೂ ಸೆಕೆ ಇತ್ತು.

ಕಿವಿ ಕೇಳಿಸುವುದಿಲ್ಲ, ಪಕ್ಕ ಕಾಣಿಸುವುದಿಲ್ಲ ಅನ್ನುವುದು ಇನ್ನೊಂದು ಮಾತು. ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಹ್ಯಾರಿ ಹರ್ಟ್ ಅನ್ನುವ ಪ್ರೊಫೆಸರು ಮತ್ತು ಅವರ ತಂಡ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟರು. ಹೆಲ್ಮೆಟ್ಟಿನಿಂದ ದೃಷ್ಟಿಗೆ, ಕಿವಿಗೆ ತೊಂದರೆಯಾಗಿ ಅಪಘಾತವಾಯಿತು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಒಳ್ಳೆಯ ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಯ ಗಾಯವನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆ ಅಂತ ಆಮೇಲೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ತಿಳಿಯಿತು.

ಈಗ ಹಿಂದಿನ ಸೀಟಿಗೆ ಬರುತ್ತೇನೆ, ನಾನು ಹೇಳಬೇಕೆಂದಿದ್ದೇ ಅದು. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅದರಲ್ಲಿ 35,692 ಜನ ಓಡಿಸುತ್ತಿದ್ದವರು, 14,337 ಜನ ಹಿಂದೆ ಕೂತಿದ್ದವರು. ಈ ಹದಿನಾಲ್ಕು ಸಾವಿರ ಜನ ಯಾರು? ನಮ್ಮ ಮನೆಗಳಲ್ಲಿ ಹಿಂದೆ ಕೂರುವವರು ಯಾರು ಅಂತ ನೋಡಿಕೊಂಡರೆ ಸಾಕು. ಹೆಂಡತಿ, ತಾಯಿ, ಕಾಲೇಜಿಗೆ ಬಿಡಿಸಿಕೊಳ್ಳುವ ತಂಗಿ, ಮಗು.

ಹಿಂದೆ ಕೂತವರ ಕೈಯಲ್ಲಿ ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ. ಎದುರಿಗೆ ಬರುವುದು ನಮ್ಮ ಬೆನ್ನಿನಿಂದಾಗಿ ಕಾಣುವುದೂ ಇಲ್ಲ. ನನಗೆ ಎಮ್ಮೆಕರು ಕಂಡಿತ್ತು, ಅರ್ಧ ಕ್ಷಣವಾದರೂ ಮೈ ಬಿಗಿ ಹಿಡಿದೆ. ಅವಳಿಗೆ ಅದೂ ಸಿಗಲಿಲ್ಲ. ಒಂದೇ ಕಡೆ ಕಾಲು ಹಾಕಿ ಕೂತವರಿಗಂತೂ ಹಿಡಿತವೇ ಕಡಿಮೆ. ಅಂಥವರಿಗೆ ನಾವು ಕೊಡಿಸುವುದು ಎಲ್ಲಕ್ಕಿಂತ ಕಳಪೆ ಹೆಲ್ಮೆಟ್ಟು. ಅದೂ ತಲೆಗೋಸ್ಕರ ಅಲ್ಲ, ದಂಡ ತಪ್ಪಿಸಿಕೊಳ್ಳುವುದಕ್ಕೆ. ಮಗಳ ಮದುವೆಗೆ ಲಕ್ಷಗಟ್ಟಲೆ ಬಂಗಾರ ಹಾಕುತ್ತೇವೆ, ಆ ಕಿವಿಯೋಲೆ ಇರುವ ತಲೆಗೆ ಇನ್ನೂರೈವತ್ತು ರೂಪಾಯಿ!

"ಹೆಂಗಸರು ಹಾಕಲ್ಲ ಸ್ವಾಮಿ" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಹಾಕುವುದಿಲ್ಲ ಯಾಕೆ ಅಂದರೆ ಅವರ ತಲೆಯ ಅಳತೆ ತೆಗೆದು ಯಾರೂ ಕೊಡಿಸಿರುವುದಿಲ್ಲ. ಗಂಡನ ಹಳೇ ಹೆಲ್ಮೆಟ್ಟು ತಲೆಯ ಮೇಲೆ ಗುಡುಗುಡು ಅಲ್ಲಾಡಿದರೆ ಯಾರಿಗೆ ಹಿತ? ಹುಬ್ಬಿನ ಮೇಲೆ ಒಂದು ಅಂಗುಲ ಬಿಟ್ಟು ಸುತ್ತಲೂ ಟೇಪು ಹಿಡಿದೆ. ನನ್ನದು 59 ಸೆಂಟಿಮೀಟರ್, ಅವಳದು 55. ನಾಲ್ಕು ಸೆಂಟಿಮೀಟರ್ ಅಂದರೆ ಎರಡು ಸೈಜು ವ್ಯತ್ಯಾಸ.

ದ್ವಾರಕಾನಗರದ ಅಂಗಡಿಯಲ್ಲಿ ಚಿಕ್ಕ ಸೈಜು ಕೇಳಿದಾಗ ಒಳಗಿನಿಂದ ಹುಡುಕಿ ತಂದರು. ಐದಾರು ಹಾಕಿ ನೋಡಿದಳು. ಕೆನ್ನೆ ಸ್ವಲ್ಪ ಒತ್ತಬೇಕು, ಹಣೆಗೆ ನೋಯಬಾರದು. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಮುಖದ ಚರ್ಮವೂ ಜೊತೆಗೆ ಅಲ್ಲಾಡಬೇಕು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಕಾನೂನು ಕೂಡ ಬರೀ ತಲೆಯ ಮೇಲಿಟ್ಟರೆ ಸಾಕು ಅನ್ನುವುದಿಲ್ಲ, ಪಟ್ಟಿಯಿಂದ ಭದ್ರವಾಗಿ ಕಟ್ಟಿರಬೇಕು ಅನ್ನುತ್ತದೆ. ಹಿಂದುಗಡೆ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4151 ಅನ್ನುವ ಸಂಖ್ಯೆ, ಕೆಳಗೆ ಲೈಸೆನ್ಸ್ ನಂಬರು ಇರಬೇಕು. 2021ರ ಜೂನ್ 1ರಿಂದ ಇದಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು, ಅದಕ್ಕೇ ಆ ನಂಬರನ್ನು ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಹಾಕಿ ನೋಡಿ. ತಯಾರಕರ ಹೆಸರು, ವಿಳಾಸ ಬರುತ್ತದೆ.

ಕೊನೆಗೆ ಅವಳ ತಲೆಗೆ ಸರಿಹೋಗಿದ್ದು ಬೆಳಗಾವಿಯ ವೇಗಾ ಕಂಪನಿಯದು. ಅಭಿಮಾನಕ್ಕೆ ತಗೊಂಡದ್ದಲ್ಲ, ಹಾಕಿದ ಆರರಲ್ಲಿ ಸರಿಯಾಗಿ ಕೂತದ್ದು ಅದೊಂದೇ. ಆದರೂ ಪೆಟ್ಟಿಗೆಯ ಮೇಲೆ ಬೆಳಗಾವಿ ಅಂತ ಓದಿದಾಗ ಅವಳ ಮುಖದಲ್ಲಿ ಒಂದು ನಗು ಬಂತು. ಹೊಸ ಹಲ್ಲು ಕಟ್ಟಿಸಿದ ಮೇಲಿನ ನಗು. ಸಾವಿರದ ನಾನೂರು ರೂಪಾಯಿ ಆಯಿತು. ನನಗೂ ಹೊಸದೊಂದು ಕೊಂಡೆ, ಹಳೆಯದು ತನ್ನ ಕೆಲಸ ಮುಗಿಸಿತ್ತು.

ಜಡೆಯನ್ನು ಈಗ ಕುತ್ತಿಗೆಯ ಹತ್ತಿರ ತಗ್ಗಿಸಿ ಹೆಣೆಯುತ್ತಾಳೆ. ಮಲ್ಲಿಗೆ ಬಾಳೆಎಲೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಬರುತ್ತದೆ, ಹೋದ ಮೇಲೆ ಮುಡಿಯುವುದು. ದೂರ ಹೋಗುವುದಾದರೆ ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುತ್ತಾಳೆ. ಮೊದಲ ವಾರ ಗೊಣಗಿದಳು. ಈಗ ಹೆಲ್ಮೆಟ್ಟಿಲ್ಲದೆ ಕೂತರೆ ಏನೋ ಮರೆತ ಹಾಗೆ ಆಗುತ್ತದಂತೆ.

ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷ ದಾಟಿದವರಿಗೆ ನಮ್ಮ ಹಾಗೇ ಹೆಲ್ಮೆಟ್ಟು. ಅದಕ್ಕಿಂತ ಚಿಕ್ಕವರಿಗೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗೆ, ಅವರ ಅಳತೆಯ ಹೆಲ್ಮೆಟ್ಟು, ಓಡಿಸುವವರಿಗೆ ಕಟ್ಟುವ ಬೆಲ್ಟು, ನಲವತ್ತು ಕಿಲೋಮೀಟರಿಗಿಂತ ಕಡಿಮೆ ವೇಗ. 2022ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮ ಇದು, ಒಂದು ವರ್ಷದ ಮೇಲೆ ಜಾರಿಗೆ ಬಂದಿದೆ. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವ ಅಪ್ಪಂದಿರನ್ನು ನಾನು ಇಲ್ಲಿ ದಿನಾ ನೋಡುತ್ತೇನೆ. ಅಪ್ಪನ ತಲೆಯಲ್ಲಿ ಹೆಲ್ಮೆಟ್ಟಿರುತ್ತದೆ.

ಗಾಜುವಾಕದವರಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಅವರಿಗೂ ಗೊತ್ತು, ಆಸ್ಪತ್ರೆಗೆ ಗಂಜಿ ಕಳಿಸಿಕೊಟ್ಟವರೇ ಅವರು. "ಎರಡು ತಗೊಳ್ಳಿ, ಎರಡೂ ಫುಲ್ ಫೇಸ್" ಅಂದೆ.

"ಎರಡಕ್ಕೆ ಮೂರು ಸಾವಿರ ಆಗ್ತದಲ್ಲ ಮಾರಾಯ್ರೆ. ಅವನ ಹಿಂದೆ ಯಾವಾಗಲೋ ಒಮ್ಮೆ ಅವನ ಅಮ್ಮ ಕೂರೋದು, ದೇವಸ್ಥಾನಕ್ಕೆ."

"ಹಾಗಾದ್ರೆ ಮೊದಲು ಅಮ್ಮನ ತಲೆ ಅಳತೆ ತಗೊಳ್ಳಿ, ಅವರಿಗೆ ಕೊಳ್ಳಿ. ಉಳಿದ ದುಡ್ಡಿನಲ್ಲಿ ಮಗನಿಗೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಗನಿಗೆ ಕಡಿಮೆದು ಕೊಡೋಕಾಗ್ತದಾ?" ಅಂದರು.

ಆಗುವುದಿಲ್ಲ ತಾನೇ? ಹಾಗಿದ್ದ ಮೇಲೆ ಅವನ ಅಮ್ಮನಿಗೆ ಕಡಿಮೆಯದು ಕೊಡಲು ಹೇಗೆ ಆಗುತ್ತಿತ್ತು? ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಹೊರನಾಡಿನಲ್ಲಿ ಎರಡು ಚಕ್ರದ ಮೇಲೆ ಸಂಸಾರ ಸಾಗಿಸುವ ನಮ್ಮವರು ಅಂಗಡಿಗೆ ಹೋದಾಗ ಈ ಸರದಿಯನ್ನು ನೆನಪಿಟ್ಟುಕೊಳ್ಳಿ: ಮೊದಲು ಹಿಂದಿನ ಸೀಟಿನ ತಲೆ, ಆಮೇಲೆ ನಿಮ್ಮದು.